ಎಡಗಡೆಯ ಭಾರ

ನನ್ನ ಮೈ ಸ್ವಲ್ಪ ದೊಡ್ಡದು. ಸ್ವಲ್ಪ ಅನ್ನುವುದು ನನ್ನ ಮಾತು. ನೋಡಿದವರು ಬೇರೆ ಹೇಳುತ್ತಾರೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತೇ ಆಯುಷ್ಯ ಸವೆಸಿದವಳಿಗೆ ಈ ಮೈ ಎಲ್ಲಿಂದ ಬಂತೋ ಆ ದೇವರಿಗೇ ಗೊತ್ತು. ಚಿಕ್ಕಂದಿನಿಂದಲೂ ತಮ್ಮ ಇದನ್ನೇ ಹಿಡಿದು ರೇಗಿಸುತ್ತಿದ್ದ. ನಾನು ಅವನ ಬೆನ್ನಿಗೊಂದು ಗುದ್ದು ಕೊಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಮನೆಬಸ್ಸು ಬಂದಮೇಲೆ ಮಾತ್ರ ಅದು ಅಲ್ಲಿಗೆ ಮುಗಿಯಲಿಲ್ಲ.

ಮನೆಬಸ್ಸು ಅಂದರೆ ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲ ಇರುವ ಹಳೆಯ ವ್ಯಾನು. ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದುದನ್ನು ತಮ್ಮ ಎಳೆದುಕೊಂಡು ಬಂದಿದ್ದ. ಅದರಲ್ಲಿ ನಾವು ತಂಗಿಯನ್ನು ನೋಡಲು ಹೋಗುವುದು ಎಂದು ಮಾತಾಗಿತ್ತು. ತಂಗಿಯ ಕಾಲು ಸ್ವಾಧೀನ ತಪ್ಪಿ ವರ್ಷಗಳಾದವು, ಅವಳು ಇಷ್ಟು ದೂರ ಬರುವಂತಿಲ್ಲ. ಅವಳಿರುವ ಒಂದೇ ಕೋಣೆಯಲ್ಲಿ ನಾವು ಉಳಿಯುವಂತಿಲ್ಲ. ಬಸ್ಸನ್ನು ಅವಳ ಬಾಗಿಲಲ್ಲೇ ನಿಲ್ಲಿಸಿಕೊಂಡರೆ ಎಷ್ಟು ದಿನ ಬೇಕಾದರೂ ಇರಬಹುದಲ್ಲ. ನನಗೆಂದು ಎಡಗಡೆ, ಹಿಂದಿನ ಚಕ್ರದ ಮೇಲೆ, ತಮ್ಮ ತಾನೇ ಹಲಗೆ ಕೊಯ್ದು ಅಗಲವಾದ ಮಂಚ ಮಾಡಿದ. ಅದರ ಮೇಲೆ ಮೊದಲ ಸಲ ಕೂತಾಗ ಆದ ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಬಸ್ಸಿನ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ವಯಸ್ಸಾಗಿ ಜೋತುಬಿದ್ದಿದ್ದವು. ಅವಕ್ಕೆ ಆಸರೆಯಾಗಿ, ಚಕ್ರದ ಆಕ್ಸಲ್ಲಿಗೂ ಬಸ್ಸಿನ ತಳದ ಚಾಸಿಗೂ ನಡುವೆ, ಎರಡೂ ಬದಿಗೆ ಒಂದೊಂದು ರಬ್ಬರಿನ ಗಾಳಿಚೀಲವನ್ನು ತಮ್ಮನೇ ಕೂರಿಸಿದ. ಒಂದೊಂದಕ್ಕೂ ಬೇರೆ ಪೈಪು, ಬೇರೆ ವಾಲ್ವು. ಸೈಕಲ್ಲಿಗೆ ಹಾಕಿದ ಹಾಗೆಯೇ ಗಾಳಿ ಹಾಕುವುದು, ಭಾರ ಹೆಚ್ಚಿರುವ ಬದಿಗೆ ಸ್ವಲ್ಪ ಹೆಚ್ಚು ಕೊಟ್ಟು ಬಸ್ಸನ್ನು ಮಟ್ಟ ಮಾಡುವುದು. ಗ್ಯಾರೇಜಿಗೆ ಕೊಡೋ ಎಂದರೆ ಕೇಳಲಿಲ್ಲ.

"ನಾನು ಫ್ರಿಜ್ ಮೆಕ್ಯಾನಿಕ್ ಕಣೇ ಅಕ್ಕಾ. ಸೋರೋ ಗ್ಯಾಸು ಹಿಡಿಯೋದೇ ನನ್ನ ಹೊಟ್ಟೆಪಾಡು. ಈ ಗಾಳಿ ಯಾವ ಲೆಕ್ಕ?" ಎಂದ. ಎದುರುಮನೆಯ ದರ್ಜಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಅಂದ.

ಮೊದಲ ಸಲ ತಮ್ಮ, ಅವನ ಹೆಂಡತಿ, ನಾನು ಮೂವರೂ ಒಂದು ಸುತ್ತು ಹೋಗಿಬಂದೆವು. ಹೊರಡುವಾಗ ನೆಟ್ಟಗಿದ್ದ ಬಸ್ಸು ವಾಪಸು ಬರುವಷ್ಟರಲ್ಲಿ ಎಡಕ್ಕೆ ವಾಲಿತ್ತು. ಚಕ್ರಕ್ಕೂ ಮೇಲಿನ ತಗಡಿಗೂ ನಡುವೆ ಕೈ ತೂರುವುದೂ ಕಷ್ಟವಾಗಿತ್ತು. ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡೇ ರಸ್ತೆ ದಾಟಿ ಬಂದ.

"ಏನಾಯ್ತು ಮೆಕ್ಯಾನಿಕ್ಕು? ಗಾಳಿ ಸೋರ್ತಾ ಇದೆಯಾ?"

ತಮ್ಮ ಚಕ್ರ ನೋಡಿದ, ದರ್ಜಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಸೋರೋದು ಎಲ್ಲಿಂದ ಬಂತು? ನಮ್ಮಕ್ಕ ಎಡಗಡೆ ಕೂತಿದ್ಲು, ಅಷ್ಟೇ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೂ ದೊಡ್ಡದಾಗಿ ಕಾಣುತ್ತೇನೆ ಎಂಬುದು ನನಗೆ ಬಹಳ ಹಿಂದೆಯೇ ಗೊತ್ತಾಗಿತ್ತು.

ಆಮೇಲೆ ಅದೇ ಕತೆಯಾಯಿತು. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಬಸ್ಸು ಮಟ್ಟಸವಾಗಿ ನಿಂತಿರುತ್ತಿತ್ತು. ಪಾತ್ರೆ ಜೋಡಿಸಲೋ ಪರದೆ ಕಟ್ಟಲೋ ನಾನು ಹತ್ತಿ ಕೂತರೆ ಮಧ್ಯಾಹ್ನದ ಹೊತ್ತಿಗೆ ಎಡಗಡೆ ಕುಸಿದಿರುತ್ತಿತ್ತು. ತಮ್ಮನ ಹೆಂಡತಿ ಕೆಟ್ಟವಳಲ್ಲ, ಆದರೆ ನಾಲಿಗೆಗೆ ಕಡಿವಾಣ ಇಲ್ಲ. "ಅತ್ತಿಗೆ, ನೀವು ಒಂದಿಷ್ಟು ಬಲಕ್ಕೆ ಬನ್ನಿ, ನನ್ನ ಹಾಲು ಉಕ್ಕಿ ಎಡಕ್ಕೇ ಹರೀತಿದೆ" ಅನ್ನುತ್ತಿದ್ದಳು. ದರ್ಜಿಯಂತೂ ನಾನು ರಸ್ತೆಗೆ ಕಾಲಿಟ್ಟರೆ ಸಾಕು, "ಅಕ್ಕಾವ್ರೇ, ಇವತ್ತು ಯಾವ ಕಡೆ ಸವಾರಿ?" ಎಂದು ಕೇಳುತ್ತಿದ್ದ. ಅವನ ಹೊಲಿಗೆ ಮಿಷನ್ನಿನಲ್ಲಿ ಅವನ ನಾಲಿಗೆಯನ್ನೇ ಹೊಲಿದುಬಿಡಬೇಕು ಅನ್ನಿಸುತ್ತಿತ್ತು.

ನಾಚಿಕೆ ಅಂದರೆ ಏನೆಂದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಬಟ್ಟೆ ಅಂಗಡಿಯಲ್ಲಿ "ನಿಮ್ಮ ಅಳತೆ ಇಲ್ಲಮ್ಮ" ಅನ್ನಿಸಿಕೊಂಡು ಒಗ್ಗಿಹೋಗಿದ್ದೆ. ಆದರೆ ಒಂದು ಇಡೀ ಮನೆ ನನ್ನಿಂದ ವಾಲುತ್ತದೆ ಎಂದರೆ? ನನ್ನ ಪೆಟ್ಟಿಗೆ, ಹೊದಿಕೆ, ತಂಗಿಗೆಂದು ಹೊಲಿಸಿದ್ದ ದಪ್ಪ ಹಾಸಿಗೆ ಎಲ್ಲವನ್ನೂ ಬಲಕ್ಕೆ ಸಾಗಿಸಿದೆ. ಆಮೇಲೆ ಹಾಸಿಗೆಯನ್ನು ಇಳಿಸಿಯೇಬಿಟ್ಟೆ. ಅಷ್ಟಾದರೂ ಬಸ್ಸು ವಾಲಿತು. ಇನ್ನು ಇಳಿಸುವುದಕ್ಕೆ ಉಳಿದದ್ದು ನಾನೇ. ರಾತ್ರಿಯ ಊಟ ಬಿಟ್ಟೆ. ಹೊಟ್ಟೆ ಸರಿಯಿಲ್ಲ ಎಂದೆ. ಬೆಳಗಿನ ತಿಂಡಿಗೂ ಅದನ್ನೇ ಹೇಳಿದೆ. ಯಾರೂ ಒತ್ತಾಯ ಮಾಡಲಿಲ್ಲ, ಅದಕ್ಕೆ ಯಾರಿಗೂ ಗೊತ್ತಾಗಿಲ್ಲ ಎಂದುಕೊಂಡೆ. ಇಸ್ತ್ರಿ ಮೇಜಿನ ಮುಂದೆ ಒಂದು ದಿನವೂ ತಲೆ ಸುತ್ತದವಳಿಗೆ ಈಗ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಡುತ್ತಿತ್ತು. ಸಂಜೆಯ ಹೊತ್ತಿಗೆ ಬಸ್ಸು ಮತ್ತೆ ವಾಲಿರುತ್ತಿತ್ತು. ಎಷ್ಟು ಹಸಿದರೂ ಸಾಲದು ಅನ್ನಿಸಿ ಅಳು ಬರುತ್ತಿತ್ತು.

ಹೊರಡುವ ದಿನ ಹತ್ತಿರ ಬಂದಾಗ, ನಾನು ಹೋಗುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದೆ. ಹೇಳಿದರೆ ಸಮಾಧಾನ ಮಾಡುತ್ತಾರೆ, ಆ ಸಮಾಧಾನ ನನಗೆ ಬೇಡ. ಬೆಳಗಾಗುತ್ತಲೇ ಬಸ್ಸಿನಿಂದ ನನ್ನ ಪೆಟ್ಟಿಗೆ ಇಳಿಸಿಕೊಂಡುಬಿಡೋಣ ಎಂದು, ಎಲ್ಲರೂ ಏಳುವ ಮೊದಲೇ ಹೊರಗೆ ಬಂದೆ.

ಬಸ್ಸು ಎಡಕ್ಕೆ ವಾಲಿಕೊಂಡು ನಿಂತಿತ್ತು. ಎಂದಿಗಿಂತ ಹೆಚ್ಚೇ ವಾಲಿತ್ತು. ಒಳಗೆ ನರಪಿಳ್ಳೆಯೂ ಇರಲಿಲ್ಲ.

ಹಿಂದಿನ ಚಕ್ರದ ಬಳಿ ತಮ್ಮ ನಿಂತಿದ್ದ. ವಾಲ್ವಿಗೆ ಟ್ಯೂಬು ಸಿಕ್ಕಿಸಿ ಕಾಲಲ್ಲಿ ತುಳಿಯುವ ಪಂಪನ್ನು ಮೆಲ್ಲಗೆ ತುಳಿಯುತ್ತಿದ್ದ. ಕರೆಂಟಿನ ಪಂಪು ಅವನ ಹತ್ತಿರವೇ ಇದೆ, ಅದು ಸದ್ದು ಮಾಡುತ್ತದೆ. ಬಸ್ಸು ಒಂದೊಂದೇ ತುಳಿತಕ್ಕೆ ಮೇಲೇಳುವುದನ್ನು ನಾನು ನೋಡುತ್ತ ನಿಂತೆ. ಅವನು ತಲೆ ಎತ್ತಿದ. ಕಾಲು ಪಂಪಿನ ಮೇಲೇ ಉಳಿಯಿತು.

"ದಿನಾ ಹೀಗೇ ತುಂಬ್ತಿದ್ಯಾ?" ಎಂದೆ.

ಅವನು ಹೌದೆಂದು ತಲೆ ಆಡಿಸಿದ.

"ಯಾವತ್ತಿಂದ?"

"ಮೊದಲಿಂದಾನೂ." ಅವನ ದನಿ ಬಾವಿಯ ಒಳಗಿಂದ ಬಂದಂತಿತ್ತು. "ಎಡಗಡೇದು ಸೋರ್ತಿದೆ ಅಕ್ಕಾ. ಎಲ್ಲಿ ಅಂತ ಸಿಗ್ತಿಲ್ಲ. ಜಾಕ್ ಕೊಟ್ಟು ಎತ್ತಿ, ಸೋಪಿನ ನೀರು ಬಳಿದು ನೋಡ್ದೆ, ಒಂದು ಗುಳ್ಳೆ ಬರಲ್ಲ. ಖಾಲಿ ನಿಂತಿದ್ರೆ ರಾತ್ರಿಯೆಲ್ಲ ಕದ್ದು ಕದ್ದು ಸೋರತ್ತೆ. ಭಾರ ಬಿದ್ರೆ ಬೇಗ ಇಳಿಯತ್ತೆ. ಸೋರಿಕೆ ಹಿಡಿಯೋನು ನಾನು... ಆ ದರ್ಜಿ ಎದುರಿಗೆ ಹೇಗೆ ಹೇಳಲಿ? ಬಾಯಿಗೆ ನಿನ್ನ ಹೆಸರು ಬಂದ್ಬಿಡ್ತು. ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ."

ಅಷ್ಟರಲ್ಲಿ ಅವನ ಹೆಂಡತಿ ಹಲ್ಲುಜ್ಜುತ್ತ ಬಾಗಿಲಿಗೆ ಬಂದಳು. ವಾಲಿದ ಬಸ್ಸನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಲ್ಲಿ ನೊರೆ ಇಟ್ಟುಕೊಂಡೇ ನಕ್ಕಳು.

"ಏನತ್ತಿಗೆ, ಬೆಳಗ್ಗೆ ಬೆಳಗ್ಗೆನೇ ಹತ್ತಿ ಇಳಿದ್ರಾ?"

ನಾನು ತಮ್ಮನ ಮುಖ ನೋಡಿದೆ. ಅವನು ನೆಲ ನೋಡಿದ. ಅವನು ಬಾಯಿ ಬಿಡದಿದ್ದರೆ ನಾನು ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ, ತಂಗಿಯನ್ನು ಇನ್ನು ನೋಡುತ್ತಿರಲಿಲ್ಲ, ಇವನನ್ನೂ ಬಹುಶಃ ತಮ್ಮ ಎಂದು ಕರೆಯುತ್ತಿರಲಿಲ್ಲ.

"ಅವಳು ಹತ್ತಿಲ್ಲ ಕಣೇ," ಎಂದ. "ಚೀಲ ಸೋರ್ತಿದೆ. ಅಕ್ಕ ಕೂತ್ರೂ ವಾಲತ್ತೆ, ಕೂರದಿದ್ರೂ ವಾಲತ್ತೆ. ನಾನು ಸುಳ್ಳು ಹೇಳ್ದೆ."

ಅವಳು ಮೂಲೆಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು. ನಗು ಎಲ್ಲೋ ಹೋಗಿತ್ತು.

"ರೀ, ಅತ್ತಿಗೆ ಊಟ ಬಿಟ್ಟಿದ್ದು? ಅದೂ ಗೊತ್ತಿತ್ತಾ ನಿಮಗೆ?"

ಅವನು ಕಾಲನ್ನು ಪಂಪಿನಿಂದ ಕೆಳಗಿಳಿಸಿದ.

"ಗೊತ್ತಿತ್ತು" ಎಂದ.

ಅವನಿಗೆ ಬಯ್ಯಬೇಕಿತ್ತು, ಬೆನ್ನಿಗೆ ಗುದ್ದಬೇಕಿತ್ತು. ಬದಲಿಗೆ ನನಗೇ ಅವಮಾನವಾಯಿತು. ನಾನು ಹಸಿದಿದ್ದು ಕಂಡೂ ಅವನಿಗೆ ತುತ್ತು ಇಳಿಯಿತಲ್ಲ. ಅಷ್ಟು ಅಗ್ಗದವಳಾಗಿದ್ದೆನಲ್ಲ ನಾನು. ಈ ಮೈಯನ್ನು ಇಷ್ಟು ದಿನ ಬಯ್ದುಕೊಂಡೆನಲ್ಲ ಎಂದು ಅದರ ಮುಂದೂ ನಾಚಿಕೆಯಾಯಿತು. ತಮ್ಮನ ಹೆಂಡತಿ ಒಳಗೆ ಹೋಗಿ, ತಟ್ಟೆಯ ತುಂಬ ಬ್ರೆಡ್ಡು, ಮೊಟ್ಟೆ ತಂದು ನನ್ನ ಕೈಗಿಟ್ಟಳು. ನನ್ನ ಮುಖ ನೋಡಲು ಅವಳಿಗೂ ಆಗಲಿಲ್ಲ. ಮನೆಬಾಗಿಲ ಮೆಟ್ಟಿಲ ಮೇಲೆ ಕೂತು ತಿನ್ನತೊಡಗಿದೆ.

ತಮ್ಮ ಪಂಪು ತೆಗೆದಿಟ್ಟ. ಚಾಸಿಯ ಕೆಳಗೆ ಎರಡು ಬೆರಳು ಜಾಗ ಬಿಟ್ಟು ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿದ, ಬಸ್ಸು ಕುಸಿದರೂ ಅದರ ಮೇಲೇ ಕೂರಲಿ ಎಂದು. ಸೋಪಿನ ನೀರು ಕಲಸಿದ. ಜಾಕ್ ಕೊಟ್ಟು ಎತ್ತಿದಾಗ ಕಾಣದ ತೂತು ಭಾರ ಬಿದ್ದಾಗಲೇ ಬಾಯಿ ಬಿಡುತ್ತದೆ, ಭಾರ ಹೇರಿಟ್ಟುಕೊಂಡೇ ಚೀಲವನ್ನು ಪರೀಕ್ಷೆ ಮಾಡಬೇಕು ಎಂಬುದು ಈಗ ಅವನಿಗೆ ಹೊಳೆದಿತ್ತು. ನನ್ನ ಕಡೆ ಒಮ್ಮೆ ನೋಡಿದ, ಥಟ್ಟನೆ ಮುಖ ತಿರುಗಿಸಿದ. ಮನೆಯೊಳಗಿಂದ ನೀರಿನ ಕ್ಯಾನುಗಳನ್ನು ಹೊತ್ತು ತಂದು ನನ್ನ ಮಂಚದ ಮೇಲಿಟ್ಟ. ಚಕ್ರದ ಪಕ್ಕ ಮಲಗಿ, ಕೈ ಚಾಚಿ ಬ್ರಷ್ಷಿನಿಂದ ನೊರೆ ಬಳಿದ. ಏನೂ ಇಲ್ಲ. ಮತ್ತೆ ಕ್ಯಾನು ತಂದ. ಟೂಲ್‌ಬಾಕ್ಸ್ ಇಟ್ಟ. ಕೆಟ್ಟುಹೋದ ಕಂಪ್ರೆಸರ್ ಒಂದನ್ನು ಅಪ್ಪಿಕೊಂಡು ಏದುಸಿರು ಬಿಡುತ್ತ ಬಂದ. ಹೆಂಡತಿ ಕೈ ಹಚ್ಚಲು ಹೋದರೆ ಬೇಡ ಎಂದ. ದರ್ಜಿ ಅಂಗಡಿಯ ಬಾಗಿಲು ತೆರೆದು, ಕುರ್ಚಿ ಹಾಕಿಕೊಂಡು ಕೂತಿದ್ದ.

ಕೊನೆಗೆ ತಮ್ಮ ನನ್ನ ಮುಂದೆ ಬಂದು ನಿಂತ. ಅಂಗಿಯೆಲ್ಲ ನೆನೆದಿತ್ತು.

"ಅಕ್ಕಾ..." ಎಂದ.

"ಏನು? ಬಾಯಿ ಬಿಟ್ಟು ಹೇಳು."

"ಭಾರ ಸಾಲ್ತಿಲ್ಲ."

"ಅದಕ್ಕೆ?"

ಅವನು ರಸ್ತೆಯ ಆಚೆ ನೋಡಿದ, ಹೆಂಡತಿಯನ್ನು ನೋಡಿದ. ಅವನ ಕಿವಿ ಕೆಂಪಾಗಿತ್ತು. ಆಮೇಲೆ ದರ್ಜಿಗೂ ಕೇಳುವ ಹಾಗೆ, "ಗಾಳಿ ಸೋರ್ತಿದೆ ಅಕ್ಕಾ, ಹಿಡಿಯೋಕೆ ನನ್ನಿಂದ ಆಗ್ತಿಲ್ಲ. ನೀನು ಒಂಚೂರು ಹತ್ತಿ ಕೂತ್ಕೋತೀಯಾ?" ಎಂದ.

ನನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಮೊಟ್ಟೆ ಇತ್ತು. ಖಾಲಿಯಾದ ಬದಿಯನ್ನು ತಮ್ಮನ ಹೆಂಡತಿಯ ಕಡೆ ಹಿಡಿದೆ.

"ಇನ್ನೆರಡು ಬ್ರೆಡ್ ಹಾಕಮ್ಮಾ," ಎಂದೆ. "ಅವನು ಕಾಯ್ತಾನೆ."