ಮಾಸ್ಟರ್ ಹಾಕಿದ ಪಾಸ್‌ವರ್ಡ್ ಸರಿಯಾಗೇ ಇತ್ತು

ನನಗೆ ಕೋಪ ಮೂಗಿನ ತುದಿಯಲ್ಲೇ. ಅಮ್ಮ ಹೇಳಿ ಹೇಳಿ ಸೋತಳು. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಹದಿನಾಲ್ಕು ಕಂಪ್ಯೂಟರ್ ನೋಡಿಕೊಳ್ಳೋಳು ನಾನೊಬ್ಬಳೇ. ಎಲ್ಲದಕ್ಕೂ ವಿಂಡೋಸ್ ಬದಲು ಲಿನಕ್ಸ್ ಹಾಕಿದೋಳೂ ನಾನೇ. ಏನು ಕೆಟ್ಟರೂ ತಪ್ಪು ಬಳಸುವವರದ್ದು ಅನ್ನೋದು ನನ್ನ ತೀರ್ಮಾನ. ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಹಾಗೆ.

ಆವತ್ತು ಬೆಳಿಗ್ಗೆ ಪ್ಯಾಟರ್ನ್ ಮಾಸ್ಟರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ಅಂಗಿಯ ಕಾಲರು, ತೋಳು, ಜೇಬು, ಒಂದೊಂದು ತುಂಡಿನ ನಕ್ಷೆಯೂ ಅವರದೇ. ಅರವತ್ತೆರಡು ವಯಸ್ಸು. ಐವತ್ತೈದು ದಾಟಿದ ಮೇಲೆ ಪೆನ್ಸಿಲ್ ಬಿಟ್ಟು ಮೌಸ್ ಹಿಡಿದವರು.

"ಅಮ್ಮಾ, ಒಳಗೇ ಬಿಡ್ತಿಲ್ಲ. ಪಾಸ್‌ವರ್ಡ್ ಹಾಕ್ತೀನಿ, ಪರದೆ ಒಂದ್ಸಲ ಕಪ್ಪಾಗುತ್ತೆ, ಮತ್ತೆ ಪಾಸ್‌ವರ್ಡೇ ಕೇಳುತ್ತೆ."

ಕಪ್ಪಾಗುತ್ತೆ ಅಂದರಲ್ಲ, ಉತ್ತರ ಅಲ್ಲೇ ಇತ್ತು. ಪಾಸ್‌ವರ್ಡ್ ತಪ್ಪಾದರೆ ಪರದೆ ಕಪ್ಪಾಗಲ್ಲ, ತಪ್ಪು ಅಂತ ಮುಖಕ್ಕೇ ಹೇಳುತ್ತೆ. ನಾನು ಕೇಳಿಸಿಕೊಂಡರೆ ತಾನೆ! "ಮರೆತಿರ್ತೀರಿ ಬಿಡಿ" ಅಂದು, ಕೂತಲ್ಲಿಂದಲೇ ಹೊಸದು ಮಾಡಿ ಬಾಯಲ್ಲಿ ಹೇಳಿ ಕಳಿಸಿದೆ. ಐದು ನಿಮಿಷಕ್ಕೆ ವಾಪಸ್ ಬಂದರು.

"ಇದೂ ಆಗ್ತಿಲ್ಲ ಕಣಮ್ಮ."

ಅವರ ಅಣ್ಣ ಮರೆವಿನ ಕಾಯಿಲೆಯಲ್ಲಿ ಕಟ್ಟಿಕೊಂಡ ಹೆಂಡತಿಯನ್ನೇ ಯಾರು ನೀನು ಅಂತ ಕೇಳಿ ಕೇಳಿ ತೀರಿಕೊಂಡವರು. ತಮಗೂ ಅದೇ ಗತಿ ಬಂದೀತು ಅನ್ನೋ ಭಯ ಮಾಸ್ಟರಿಗೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅಂದೆ, ಬಟ್ಟೆ ಕತ್ತರಿಸುವವರೆಲ್ಲ ಕೇಳುವ ಹಾಗೆ: "ಈಗ ತಾನೆ ಹೇಳಿದ್ದು, ಅಷ್ಟರಲ್ಲಿ ಮರೆತ್ರಾ? ನೀವೂ ನಿಮ್ಮ ಅಣ್ಣನ ದಾರಿ ಹಿಡಿದ್ರೋ ಹೇಗೆ?"

ಯಾರೋ ಕಿಸಕ್ಕೆಂದರು. ಮಾಸ್ಟರ್ ಅಳತೆಯ ಟೇಪು ಕುತ್ತಿಗೆಯಿಂದ ತೆಗೆದು, ಸುತ್ತಿ, ಮೇಜಿನ ಮೇಲಿಟ್ಟು ಮನೆಗೆ ಹೋದರು. ಸಂಜೆಗೆ ಯಜಮಾನರ ಕೈಗೆ ರಾಜೀನಾಮೆ ತಲುಪಿತ್ತು.

ಮಾರನೇ ದಿನ ಅವರ ನಕ್ಷೆಗಳನ್ನು ತೆಗೆದುಕೊಡು ಅಂತ ಯಜಮಾನರು ಕಳಿಸಿದರು. ಅವರ ಕುರ್ಚಿಯಲ್ಲಿ ಕೂತು ನಾನೇ ಕೊಟ್ಟ ಪಾಸ್‌ವರ್ಡ್ ಹಾಕಿದೆ. ಪರದೆ ಕಪ್ಪಾಯಿತು. ಮತ್ತೆ ಪಾಸ್‌ವರ್ಡ್ ಕೇಳಿತು. ಅಯ್ಯೋ ದೇವರೇ ಅನ್ನಿಸಿತು.

ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಒಂದೇ ಸಾಲದು. ಪರದೆ ಬಳಸೋಕೆ ಒಂದು ಪ್ರವೇಶದ ಚೀಟಿ ಬೇಕು. ಅದು ಅವರವರ ಫೋಲ್ಡರಿನಲ್ಲಿ ಅಡಗಿರೋ ಒಂದು ಸಣ್ಣ ಫೈಲಿನಲ್ಲಿರುತ್ತೆ. ಎರಡು ದಿನದ ಹಿಂದೆ ಮಾಸ್ಟರ ಪ್ರಿಂಟರ್ ಸರಿಮಾಡುವಾಗ, ಅವಸರಕ್ಕೆ, ಅವರ ಖಾತೆಯಿಂದಲೇ ಒಂದು ಪ್ರೋಗ್ರಾಂ ಅನ್ನು ರೂಟ್, ಅಂದರೆ ಇಡೀ ಕಂಪ್ಯೂಟರಿನ ಮೇಲ್ವಿಚಾರಕನ, ಅಧಿಕಾರದಲ್ಲಿ ತೆರೆದಿದ್ದೆ. ಮಾಡಬಾರದು ಅಂತ ನಾನೇ ಊರಿಗೆಲ್ಲ ಪಾಠ ಹೇಳೋ ಕೆಲಸ ಅದು. ಆಗ ಆ ಚೀಟಿ ಫೈಲು ರೂಟ್ ಹೆಸರಿಗೆ ಹೋಗಿಬಿಟ್ಟಿತ್ತು. ಮಾಸ್ಟರ ಫೈಲು, ಮಾಸ್ಟರಿಗೇ ತೆರೆಯಲಾಗದು.

ಒಂದು ಸಾಲಿನ ಆಜ್ಞೆ ಕೊಟ್ಟು ಅವರ ಹೆಸರಿಗೆ ತಿರುಗಿಸಿದೆ. ಅರ್ಧ ನಿಮಿಷದ ಕೆಲಸ. ಎದ್ದು ಬಂದು ನೋಡಿದ್ದರೆ ಸಾಕಿತ್ತು! ಆಮೇಲೆ ಯಾರು ಯಾವಾಗ ಒಳಗೆ ಬರಲು ನೋಡಿದರು ಅಂತ ಕಂಪ್ಯೂಟರೇ ಬರೆದಿಡೋ ದಾಖಲೆ ತೆಗೆದೆ: ಆವತ್ತು ಹನ್ನೊಂದು ಸಲ ಪ್ರಯತ್ನ, ಹನ್ನೊಂದು ಸಲವೂ ಪಾಸ್‌ವರ್ಡ್ ಸರಿ. ಒಂದಕ್ಷರ ತಪ್ಪಿರಲಿಲ್ಲ.

ಅದನ್ನು ಮುದ್ರಿಸಿಕೊಂಡು ಅವರ ಮನೆಗೆ ಓಡಿದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಆದರೂ ಅಂಟಿಸಬಹುದೇನೋ ಅನ್ನೋ ಆಸೆ.

ಮಾಸ್ಟರ್ ಕನ್ನಡಕ ಹಾಕಿಕೊಂಡು ಹನ್ನೊಂದೂ ಸಾಲು ಓದಿದರು. ನಾನು ಅಳುತ್ತಲೇ ಎಲ್ಲ ಹೇಳಿದೆ. "ತಪ್ಪು ನಂದು ಮಾಸ್ಟರೇ. ನಿಮ್ಮ ತಲೆ ಸರಿಯಾಗೇ ಇದೆ. ವಾಪಸ್ ಬನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ನಕ್ಕರು, ಕೋಪದ ನಗು ಅಲ್ಲ.

"ಒಳ್ಳೇ ಹುಡುಗಿ ನೀನು. ನನ್ನ ಮನಸ್ಸು ನೋಯಬಾರದು ಅಂತ ಇಷ್ಟೆಲ್ಲ ಬರ್ಕೊಂಡು ಬಂದಿದೀಯ."

"ಇಲ್ಲ, ಇದು ಕಂಪ್ಯೂಟರೇ ಬರೆದದ್ದು!"

"ಗೊತ್ತಮ್ಮ, ಗೊತ್ತು." ಕಾಗದ ಮಡಿಸಿ ನನ್ನ ಕೈಗೇ ಇಟ್ಟರು. "ಅಣ್ಣನಿಗೂ ನಾವು ಹೀಗೇ ಹೇಳ್ತಿದ್ವಿ. ನೀನು ಹೇಳಿದ್ದೇ ಸರಿ, ನಮ್ಮದೇ ತಪ್ಪು ಅಂತ."