ಪಾಕ ನೋಡುವ ಬೆರಳು

ಯಲಿಯೂರಿನಲ್ಲಿ ಬರೀ ಪುಟ್ಟರಾಜು ಅಂದರೆ ಮೂರು ಮನೆ ತೋರಿಸುತ್ತಾರೆ. ‘ಪಾಕದ ಪುಟ್ಟರಾಜು’ ಅಂದರೆ ಮಾತ್ರ ಸರಿಯಾದ ಬಾಗಿಲಿಗೆ ತಂದು ಬಿಡುತ್ತಾರೆ. ನಲವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡಿದವನು ಅವನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕೆಂಪಾದಾಗ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ ನೋಡಿ, “ಇಳಿಸ್ರಲಾ” ಅನ್ನುತ್ತಿದ್ದ. ಆ ವಿದ್ಯೆ ಅಪ್ಪನಿಂದ ಬಂದದ್ದು. “ಮೊದ್ಲು ಕೈ ತೊಳ್ಕಳ್ಲಾ!” ಎಂದು ಗದರಿ, ಆಮೇಲೆ ಪಕ್ಕ ಕೂರಿಸಿಕೊಂಡು ಬಿಸಿ ಬೆಲ್ಲ ನೆಕ್ಕಲು ಕೊಡುತ್ತಿದ್ದ ಅಪ್ಪ.

ಅಂಥವನಿಗೆ ಸಕ್ಕರೆ ಕಾಯಿಲೆ ಬಂತು. ಹೋದ ವರ್ಷ ಒಲೆಯ ಕೆಂಡ ಕಾಲಿಗೆ ತಾಗಿದ್ದೇ ಗೊತ್ತಾಗಲಿಲ್ಲ. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. “ಹೀಗೇ ಬಿಟ್ರೆ ನಾಳೆ ಕೈಬೆರಳೂ ಮರಗಟ್ಟಬಹುದು” ಎಂದರು ಡಾಕ್ಟರು. ಅವನು ನಿಜವಾಗಿ ಹೆದರಿದ್ದು ಆಗಲೇ. ಕಾಲಿಗೆ ಕೋಲು ಕೊಡಬಹುದು. ಬೆರಳು ಹೋದರೆ ಅಪ್ಪ ಇನ್ನೊಂದು ಸಲ ಸತ್ತ ಹಾಗೆ.

ಆರೋಗ್ಯ ಕೇಂದ್ರದ ನರ್ಸ್ ಕುಸುಮ ಅವನಿಗೊಂದು ಸಕ್ಕರೆ ನೋಡುವ ಮಿಷನ್ನು ಕೊಟ್ಟಳು, ಫೋನಿಗೆ ಆ್ಯಪ್ ಹಾಕಿದಳು. ಬೆರಳು ಚುಚ್ಚಿ ನೋಡಿದರೆ ಎಷ್ಟಿದೆ ಎಂಬುದು ತಾನಾಗಿಯೇ ಫೋನಿಗೆ ಬರುತ್ತದೆ, ಕುಸುಮಳಿಗೂ ಕಾಣುತ್ತದೆ. ವಾರಕ್ಕೊಮ್ಮೆ ಅವಳೇ ಫೋನ್ ಮಾಡಿ ಊಟ, ನಡಿಗೆ, ಮಾತ್ರೆ ವಿಚಾರಿಸುತ್ತಾಳೆ.

“ನಲವತ್ ವರ್ಸ ಬೆರಳಲ್ಲೇ ನೋಡಿವ್ನಿ ಕಣವ್ವ. ಈ ಡಬ್ಬಿ ನಂಗೆ ಏಳ್ಕೊಡ್ತದಾ?” ಎಂದು ಗೊಣಗಿದ ಪುಟ್ಟರಾಜು.

“ಕೊಪ್ಪರಿಗೆ ಪಾಕ ನಿಮ್ಗೆ ಗೊತ್ತು ಅಣ್ಣ. ಮೈಯೊಳಗಿನ ಪಾಕ ಬೆರಳಿಗೆ ತಿಳಿಯಲ್ಲ,” ಎಂದಳು ಕುಸುಮ.

ಒಲ್ಲದ ಮನಸ್ಸಿನಿಂದಲೇ ಒಪ್ಪಿದ. ಎರಡು ಮುದ್ದೆ ಒಂದಾಯಿತು, ತಟ್ಟೆಗೆ ಸೊಪ್ಪು ಕಾಳು ಹೆಚ್ಚು ಬಿತ್ತು, ಸಂಜೆ ನಾಲೆ ಏರಿಯ ಮೇಲೆ ನಡಿಗೆ ಶುರುವಾಯಿತು. ಎರಡೇ ತಿಂಗಳಲ್ಲಿ ಬರಿಹೊಟ್ಟೆಯ ಸಕ್ಕರೆ 240ರಿಂದ 140ರ ಹತ್ತಿರಕ್ಕೆ ಇಳಿಯಿತು.

ಒಂದು ಭಾನುವಾರ ಬೆಳಗ್ಗೆ ಶಿವರಾಜುವಿನ ಆಲೆಮನೆಯಿಂದ ಬೆಲ್ಲದ ವಾಸನೆ ತೇಲಿ ಬಂತು. ಹಳೆಯ ಜೀವ ತಡೆಯಲಿಲ್ಲ. ಹೋದ, ಪಾಕ ನೋಡಿಕೊಟ್ಟ, ನಾಲಿಗೆಗೆ ಚೂರೂ ಮುಟ್ಟಿಸದೆ ಹೆಮ್ಮೆಯಿಂದ ಮನೆಗೆ ಬಂದ. ಟವಲ್ಲಿಗೆ ಕೈ ಒರೆಸಿಕೊಂಡು ಬೆರಳು ಚುಚ್ಚಿ ನೋಡಿದ. 412!

“ಬುಡು ಅತ್ಲಾಗೆ! ಬಾಯಿ ಕಟ್ಟಿ ಏನ್ ಬಂತು? ಮಾತ್ರೇನೂ ಬ್ಯಾಡ, ಈ ಮಿಸನ್ನೂ ಬ್ಯಾಡ!” ಎಂದು ಡಬ್ಬಿಯನ್ನು ಅತ್ತ ತಳ್ಳಿದ. ತನ್ನ ಬೆರಳನ್ನೇ ನೋಡುತ್ತಾ ಕೂತವನ ಕಣ್ಣು ಒದ್ದೆಯಾಯಿತು.

ಹೆಂಡತಿ ಸಣ್ಣತಾಯಮ್ಮ ಗಾಬರಿಯಾಗಿ ಮಾತ್ರೆ ತಂದಳು. “ಇವತ್ತು ಮೂರು ಮಾತ್ರೆ ನುಂಗ್ಬುಡಿ,” ಎಂದು ಬಿಡಿಸಿಯೇ ಬಿಟ್ಟಳು. ಅಷ್ಟರಲ್ಲಿ 412 ಕಂಡ ಕುಸುಮಳ ಫೋನ್ ಬಂತು. ಸಣ್ಣತಾಯಮ್ಮನೇ ಎತ್ತಿ, ಸ್ಪೀಕರ್ ಹಾಕಿ ಮೂರು ಮಾತ್ರೆಯ ವಿಷಯ ಹೇಳಿದಳು.

“ಅಕ್ಕ, ಡಾಕ್ಟ್ರು ಹೇಳ್ದೆ ಒಂದು ಮಾತ್ರೇನೂ ಹೆಚ್ಚು ಕೊಡ್ಬೇಡಿ! ಸಕ್ಕರೆ ಕುಸಿದ್ರೆ ಪ್ರಾಣಕ್ಕೇ ಅಪಾಯ. ಅಣ್ಣ, ನಿಜ ಹೇಳಿ, ಸಿಹಿ ಏನಾದ್ರೂ ತಿಂದ್ರಾ?”

“ನಮ್ಮಪ್ಪನಾಣೆಗೂ ಇಲ್ಲ ಕಣವ್ವ. ಆಲೆಮನೇಲಿ ಪಾಕ ನೋಡ್ಬುಟ್ಟು ಬಂದೆ, ಅಷ್ಟೇಯ.”

“ಯಾವ ಬೆರಳಲ್ಲಿ ನೋಡಿದ್ರಿ?”

ಪುಟ್ಟರಾಜು ಬೆರಳು ತಿರುಗಿಸಿ ನೋಡಿಕೊಂಡ. ಚುಚ್ಚಿಕೊಂಡದ್ದೂ ಅದೇ ಬೆರಳು.

“ಸೋಪು ಹಾಕಿ ತೊಳ್ದು, ಚೆನ್ನಾಗಿ ಒಣಗಿಸ್ಕೊಂಡು ಇನ್ನೊಂದ್ಸಲ ನೋಡಿ. ಮತ್ತೆ ಅಷ್ಟೇ ಬಂದ್ರೆ ತಡ ಮಾಡ್ದೆ ಆಸ್ಪತ್ರೆಗೆ ಬಂದ್ಬಿಡಿ.”

“ಒಂದ್ಸಲ ಸುಳ್ಳೇಳಿದ್ದು ಇನ್ನೊಂದ್ಸಲ ನಿಜ ಏಳ್ತದಾ?” ಅವನ ಮುನಿಸು ಇಳಿದಿರಲಿಲ್ಲ.

ಸಣ್ಣತಾಯಮ್ಮ ರೇಗಿದಳು. “ನೀವು ಒಂದೇ ಸಲ ನೋಡಿ ಯಾವತ್ತಾರ ಕೊಪ್ಪರಿಗೆ ಇಳಿಸಿದ್ದುಂಟಾ? ಕೈ ತೊಳೀದೆ ಪಾಕ ಮುಟ್ಟಾಕೆ ನಮ್ಮ ಮಾವ ಬುಡ್ತಿದ್ರಾ?”

ಪುಟ್ಟರಾಜು ಎದ್ದ. ಬಚ್ಚಲಿಗೆ ಹೋಗಿ ಬೆರಳು ಬೆರಳಿಗೂ ಸೋಪು ಹಚ್ಚಿ ತೊಳೆದ. ಅಪ್ಪನ ಗದರಿಕೆ ಕಿವಿಯಲ್ಲೇ ಇತ್ತು. ಒರೆಸಿಕೊಂಡು ಬಂದು ಮತ್ತೆ ಚುಚ್ಚಿದ. ಚುರುಕ್ಕೆಂದಿತು. ಆ ಪುಟ್ಟ ನೋವಿಗೆ ಅವನಿಗೆ ಸಂತೋಷವೇ ಆಯಿತು, ಬೆರಳಿಗೆ ಇನ್ನೂ ಜೀವ ಇತ್ತು.

138.

“ಮಿಸನ್ ಸುಳ್ಳೇಳಿಲ್ಲ ಕಣಮ್ಮಿ, ನನ್ ಬೆರಳಲ್ಲೇ ಬೆಲ್ಲ ಇತ್ತು!” ಎಂದು ಪುಟ್ಟರಾಜು ಬಹಳ ದಿನದ ಮೇಲೆ ಬಾಯ್ತುಂಬ ನಕ್ಕ. ತಳ್ಳಿದ್ದ ಡಬ್ಬಿಯನ್ನು ತಾನೇ ಎತ್ತಿ ಅಪ್ಪನ ಫೋಟೋದ ಕೆಳಗಿನ ಗೂಡಿನಲ್ಲಿಟ್ಟ. ಈಗ ಆಲೆಮನೆಗೆ ಹೋಗುವ ಮುಂಚೆಯೇ ಸಕ್ಕರೆ ನೋಡಿಕೊಳ್ಳುತ್ತಾನೆ. ಕೆಂಡ ತಾಗದ ಹಾಗೆ ಕಾಲಲ್ಲಿ ಬೂಟು ಇರುತ್ತದೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇರಬಹುದು. ಕೈ ತೊಳೆದು, ಒಣಗಿಸಿ ಸಕ್ಕರೆ ನೋಡಿಕೊಳ್ಳಿ. ಬಂದದ್ದನ್ನು ಮುಚ್ಚಿಡದೆ ನಿಮ್ಮ ನರ್ಸಿಗೋ ಡಾಕ್ಟರಿಗೋ ತಿಳಿಸಿ. ಒಂದು ದಿನದ ಅಂಕಿ ನೋಡಿ ನೀವೇ ಮಾತ್ರೆ ಹೆಚ್ಚಿಸಬೇಡಿ, ಬಿಡಲೂ ಬೇಡಿ. ದಿನಾ ಮಲಗುವ ಮುಂಚೆ ಪಾದ ನೋಡಿಕೊಳ್ಳಿ. ನಿಮ್ಮ ಕೈಗೂ ಅಪ್ಪನೋ ಅವ್ವನೋ ಕಲಿಸಿಕೊಟ್ಟ ಒಂದು ಕೆಲಸ ಇದ್ದೇ ಇರುತ್ತದೆ. ಆ ಕೈಯನ್ನು ಉಳಿಸಿಕೊಳ್ಳಿ.