ಸಾಕಿದ ವೈರಸ್ಸು, ಬೀದಿ ವೈರಸ್ಸು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ತೂತಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವಳ ಕೆಲಸವೇ ತೂತು ಎಣಿಸುವುದು. ತಟ್ಟೆಯ ತಳದಲ್ಲಿ ಜೀವಕೋಶಗಳ ತೆಳು ಹಾಸು. ಲಸಿಕೆ ಹಾಕಿಸಿಕೊಂಡವರ ರಕ್ತದ ತಿಳಿಗೆ ವೈರಸ್ಸು ಬೆರೆಸಿ ಅದರ ಮೇಲೆ ಸುರಿಯಬೇಕು. ಕೆಲವು ದಿನ ಬಿಟ್ಟು ನೇರಳೆ ಬಣ್ಣ ಹಾಕಿದರೆ, ವೈರಸ್ಸು ತಿಂದ ಕಡೆಯೆಲ್ಲ ಬೆಳ್ಳಗೆ ತೂತು. ತೂತಿಲ್ಲದಿದ್ದರೆ ಲಸಿಕೆ ಗೆದ್ದಿತು. ಬೇರೆ ಕಚೇರಿಗಳಲ್ಲಿ ತೂತು ಮುಚ್ಚಿದವರಿಗೆ ಬಡ್ತಿ. ಇಲ್ಲಿ ಎಣಿಸಿದವಳಿಗೆ ಬೆನ್ನುನೋವು.

ಮೂರು ತಿಂಗಳಿಗೊಮ್ಮೆ ಆ ತಟ್ಟೆಗಳಲ್ಲಿ ಅಣ್ಣನ ರಕ್ತವೂ ಇರುತ್ತಿತ್ತು. ಅವನೊಳಗೆ ದುಡಿಯುತ್ತಿರುವುದು ಅವಳೇ ಕೊಟ್ಟ ಕಿಡ್ನಿ. ಮೈ ಅದನ್ನು ಹೊರದಬ್ಬದಿರಲೆಂದು ನುಂಗುವ ಮಾತ್ರೆ, ಮೈಯ ಕಾವಲುಗಾರರನ್ನೆಲ್ಲ ತೂಕಡಿಸುವಂತೆ ಮಾಡಿತ್ತು. ಐದು ಡೋಸ್ ಚುಚ್ಚಿಸಿದ ಮೇಲೆ ಒಂದಷ್ಟು ಕಾವಲು ಎದ್ದು ಕೂತಿತ್ತು. "ತೂತು ಒಂದೋ ಎರಡೋ ಅಷ್ಟೆ, ಧೈರ್ಯವಾಗಿ ಹೋಗು" ಎಂದು ಅವಳೇ ಹೇಳಿದ್ದಳು. ಮೂರು ವರ್ಷ ಮನೆಯಲ್ಲೇ ಕೂತಿದ್ದ ಅಣ್ಣ, ಎರಡು ತಿಂಗಳ ಹಿಂದೆ ತನ್ನ ಕಟಿಂಗ್ ಶಾಪಿನ ಶಟರ್ ಎತ್ತಿದ್ದ. ಮಾಸ್ಕನ್ನೂ ಮೊಳೆಗೆ ನೇತುಹಾಕಿದ್ದ.

ಇಷ್ಟು ವರ್ಷ ಪರೀಕ್ಷೆಗೆ ಬಳಸಿದ್ದು ರೋಗ ಕಾಣಿಸಿಕೊಂಡ ಮೊದಲ ವರ್ಷ ಹಿಡಿದು ಫ್ರೀಜರಿನಲ್ಲಿಟ್ಟ ವೈರಸ್ಸು. ಚೆನ್ನಾಗಿ ಬೆಳೆಯುತ್ತದೆ, ಅಂಕಿ ಹೋದ ವರ್ಷದ್ದಕ್ಕೆ ಹೊಂದುತ್ತದೆ, ಸಾಹೇಬರಿಗೆ ಖುಷಿ. ಮನೆ ಬೆಕ್ಕಿನ ಮೀಸೆ ಎಳೆದು, ಹುಲಿ ಎಂದರೆ ನನಗೆ ಲೆಕ್ಕಕ್ಕಿಲ್ಲ ಎಂದು ಬೀಗಿದ ಹಾಗೆ! ಅಷ್ಟರಲ್ಲಿ ಬೀದಿಯ ವೈರಸ್ಸು ಒಬ್ಬರಿಂದೊಬ್ಬರಿಗೆ ದಾಟುತ್ತಾ ಚೂರುಚೂರೇ ವೇಷ ಬದಲಿಸಿತ್ತು. ಹಳೆಯ ಮುಖದ ಫೋಟೋ ಹಿಡಿದು ನಿಂತ ಕಾವಲುಗಾರ ಗುರುತಿಸುವುದಾದರೂ ಹೇಗೆ? ಗಟ್ಟಿ ಮೈಯವರಿಗೆ ಒಳಗೆ ಇನ್ನೊಂದು ಸಾಲು ಕಾವಲಿರುತ್ತದೆ, ಎಷ್ಟೋ ಸಲ ಜೀವ ಉಳಿಸುತ್ತದೆ. ಅಣ್ಣನಿಗೆ ಇದ್ದದ್ದು ಇದೊಂದೇ ಸಾಲು.

ಆಸ್ಪತ್ರೆಯಿಂದ ಕಳೆದ ವಾರ ಬಂದ ಹೊಸ ವೈರಸ್ಸಿಗೆ ಅವಳು ಅಣ್ಣನ ರಕ್ತ ಬೆರೆಸಿ ಇಟ್ಟಿದ್ದಳು. ಇವತ್ತು ನೋಡಿದರೆ ತಟ್ಟೆ ಜರಡಿಯಾಗಿತ್ತು. ಅರವತ್ತರವರೆಗೆ ಎಣಿಸಿ, ಮುಂದೆ ಕಣ್ಣು ಮಂಜಾಗಿ ಫೋನ್ ತೆಗೆದಳು.

"ಅಣ್ಣಾ, ಶಟರ್ ಎಳೆದು ಮನೆಗೆ ಹೋಗು. ಈಗ್ಲೇ."

"ಏನೇ, ನಿನ್ ಕಿಡ್ನಿ ವಾಪಸ್ ಬೇಕಾ?"

"ತಮಾಷೆ ಬಿಡೋ. ನಿನ್ನ ಲಸಿಕೆ ಹೊಸ ವೈರಸ್ಸಿಗೆ ತಾಗ್ತಾನೇ ಇಲ್ಲ."

"ಒಂದೋ ಎರಡೋ ತೂತು ಅಂದಿದ್ಯಲ್ಲೇ?"

"ತಪ್ಪು ವೈರಸ್ಸಿನ ಮೇಲೆ ಎಣಿಸಿದ್ದೆ. ನಮ್ಮ ಫ್ರೀಜರಿಂದು. ನಿನ್ನ ಬೀದೀದಲ್ಲ."

ಆ ಕಡೆ ಕತ್ತರಿ ಚಕಚಕ ಎನ್ನುತ್ತಲೇ ಇತ್ತು.

"ಸರಿ, ಇನ್ನೊಂದು ಇಂಜೆಕ್ಷನ್ ಹಾಕಿಸ್ಕೋತೀನಿ ಬಿಡು."

"ಇದಕ್ಕೆ ತಕ್ಕದ್ದು ಇನ್ನೂ ತಯಾರಾಗ್ತಿದೆ. ಆರು ತಿಂಗಳಾದ್ರೂ ಬೇಕು. ಅಷ್ಟೊತ್ತಿಗೆ ಅದು ಇನ್ಯಾವ ವೇಷ ಹಾಕಿರುತ್ತೋ."

"ಮತ್ತೆ ಕಿಟಕಿ ಪಕ್ಕ ಕೂರ್ಲಾ? ಮೂರು ವರ್ಷ ಎದುರುಮನೆ ಗೋಡೆ ನೋಡಿ ನೋಡಿ, ಗೋಡೇನೇ ನನ್ನ ನೋಡಿ ಅಯ್ಯೋ ಅಂತಿತ್ತು."

"ನಿನ್ನ ಕಾಲಿಗೆ ಬೀಳ್ತೀನಿ, ಮುಚ್ಚು."

"ಅರ್ಧ ತಲೆ ಆಗಿದೆ ಕಣೇ. ಅರ್ಧಕ್ಕೆ ಹೇಗೆ ಎಬ್ಬಿಸ್ಲಿ?"

"ಬೋಳಿಸಿ ಕಳಿಸು!"

ಕೆಮ್ಮು ಕೇಳಿಸಿತು. ಒಣ ಕೆಮ್ಮು, ಎರಡು ಸಲ.

"ನಿನ್ನ ಗಿರಾಕಿ ಕೆಮ್ತಿದಾನೆ ಅಣ್ಣಾ. ದಮ್ಮಯ್ಯ, ದೂರ ಸರಿ."

ಕತ್ತರಿ ನಿಂತಿತು.

"ಅದು ನಂದೇ ಕಣೇ. ಮೊನ್ನೆಯಿಂದ ಇದೆ. ನೀನು ಎಣಿಸಿ ಹೇಳಿದೀಯಲ್ಲ ಅಂತ ಡಾಕ್ಟ್ರ ಹತ್ರ ಹೋಗ್ಲಿಲ್ಲ."

"ಅಲ್ಲೇ ಇರು, ಆಂಬ್ಯುಲೆನ್ಸ್ ತರ್ತೀನಿ" ಎನ್ನುತ್ತಾ ಬಿಳಿ ಕೋಟಿನಲ್ಲೇ ಮೆಟ್ಟಿಲಿಳಿದು ಓಡಿದಳು. ಫೋನ್ ಕಿವಿಗೇ ಅಂಟಿಕೊಂಡಿತ್ತು. ಅಣ್ಣನ ದನಿ ಅದರಲ್ಲಿ ದೂರದಿಂದ ಕೇಳುತ್ತಿತ್ತು:

"ಸಾರ್, ಬೇಜಾರಾಗ್ಬೇಡಿ, ಏಳಿ. ಇನ್ನರ್ಧ ಬೇರೆ ಕಡೆ ಮಾಡಿಸ್ಕೊಳಿ. ಈ ಬಟ್ಟೇಲಿ ಮೂಗು ಮುಚ್ಕೊಂಡು ಹೊರಗೆ ಹೋಗಿ. ಬೇಗ, ಸಾರ್."